14 ದಿನ ಕರೆಂಟೂ ಇಲ್ಲ, ನಲ್ಲಿ ನೀರೂ ಇಲ್ಲ ಅಂದ್ರೆ: ಈ ಪಟ್ಟಿಯಲ್ಲಿ ಏನು ತಪ್ಪಿದೆ?

ಮೂರನೇಮಹಡಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾಲ್ಕು ಜನರ ಸಂಸಾರ, ಮೂರನೇ ಮಹಡಿಯ ಫ್ಲ್ಯಾಟ್. ಪ್ರವಾಹ, ಬಿರುಗಾಳಿ, ಗ್ರಿಡ್ ಕುಸಿತ, ಕಾರಣ ಯಾವುದೇ ಇರಲಿ, 14 ದಿನ ಕರೆಂಟ್ ಮತ್ತು ನಲ್ಲಿ ನೀರು ಎರಡೂ ನಿಂತರೆ ಮನೆಯೊಳಗೇ ಇದ್ದು ನಿಭಾಯಿಸುವಷ್ಟು ಸಿದ್ಧತೆ ಮಾಡಿಕೊಳ್ಳಬೇಕು. ಮನೆ ಬಿಟ್ಟು ಹೋಗಬೇಕಾದ ಸಂದರ್ಭದ ಚರ್ಚೆ ಇಲ್ಲಿ ಬೇಡ.

ಸದ್ಯದ ಪಟ್ಟಿ ಹೀಗಿದೆ. 200 ಲೀಟರಿನ ಎರಡು ಡ್ರಮ್ಮು, ಎರಡನ್ನೂ ಬಾಲ್ಕನಿಯಲ್ಲಿ ಇಡುವ ಯೋಚನೆ. 12 ವೋಲ್ಟ್ 150 ಎಎಚ್ (ಆಂಪ್ ಅವರ್) ಟ್ಯೂಬುಲರ್ ಲೆಡ್ ಆಸಿಡ್ ಬ್ಯಾಟರಿ, 900 ವಿಎ ಇನ್ವರ್ಟರ್, 100 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್. 20,000 ಎಂಎಎಚ್ ಪವರ್ ಬ್ಯಾಂಕ್. ಒಣ ದಿನಸಿ. ಮೇಣದಬತ್ತಿ. ಹಣ ಉಳಿದರೆ ಒಂದು ಸಣ್ಣ ಪೆಟ್ರೋಲ್ ಜನರೇಟರ್, ಅದೂ ಬಾಲ್ಕನಿಯಲ್ಲೇ. ಓಡಬೇಕಾದದ್ದು ಮೂರು ಎಲ್‌ಇಡಿ ದೀಪ, ಎರಡು ಫ್ಯಾನ್, ವೈಫೈ ರೂಟರ್, ನಾಲ್ಕು ಫೋನ್.

ಯಾವುದು ಮೊದಲು ತರಬೇಕು, ಯಾವುದು ಬೇಡ? ಶೇಖರಿಸಿದ ನೀರಿಗೆ ಕ್ಲೋರಿನ್ ಎಷ್ಟು ಹಾಕಬೇಕು? ಈ ಬ್ಯಾಟರಿ ನಿಜವಾಗಿ ಎಷ್ಟು ದಿನ ಬರುತ್ತದೆ? ಅಂದಾಜಿನ ಮಾತಿಗಿಂತ ಲೆಕ್ಕ ಕೊಟ್ಟರೆ ಉಪಕಾರ.

---

ನೀರುಗಂಟಿ:

ಮೊದಲು ನೀರು. ಉಳಿದದ್ದೆಲ್ಲ ಆಮೇಲೆ. ಕರೆಂಟಿಲ್ಲದೆ ಎರಡು ವಾರ ಕಷ್ಟಪಟ್ಟು ಕಳೆಯಬಹುದು, ಕುಡಿಯುವ ನೀರಿಲ್ಲದೆ ಮೂರನೇ ದಿನ ದಾಟುವುದೇ ಪ್ರಾಣಾಪಾಯ.

ಕುಡಿಯಲು ಮತ್ತು ಮಿತವಾದ ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿಯಿರಿ. ನಾಲ್ಕು ಜನ, 14 ದಿನ ಅಂದರೆ 224 ಲೀಟರ್. ಸೆಕೆ ಹೆಚ್ಚಿದ್ದರೆ, ಎದೆಹಾಲು ಕುಡಿಸುವ ತಾಯಿ ಇದ್ದರೆ, ಯಾರಿಗಾದರೂ ಭೇದಿ ಶುರುವಾದರೆ ಇದು ಸಾಲದು. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಸೇರಿಸಿ ಪರಿಹಾರ ಶಿಬಿರಗಳಿಗೆ ಹಾಕಿರುವ ಕನಿಷ್ಠ ಮಟ್ಟ ತಲೆಗೆ ದಿನಕ್ಕೆ 15 ಲೀಟರ್. ಆ ಲೆಕ್ಕದಲ್ಲಿ ನಿಮಗೆ 840 ಲೀಟರ್ ಬೇಕು. ಫ್ಲ್ಯಾಟಿನೊಳಗೆ ಅಷ್ಟು ಇಡುವುದು ಕಷ್ಟ. ಹಾಗಾಗಿ ಕುಡಿಯುವ ನೀರು ಪೂರ್ತಿ ಮನೆಯಲ್ಲಿರಲಿ, ಬಳಕೆಯ ನೀರು ಆದಷ್ಟು ಇರಲಿ, ಉಳಿದದ್ದನ್ನು ಹೊರಗಿನಿಂದ ತಂದು ಶುದ್ಧ ಮಾಡಿಕೊಳ್ಳುವ ಸಾಮರ್ಥ್ಯ ಕೈಯಲ್ಲಿರಲಿ.

ಬಾಲ್ಕನಿಯಲ್ಲಿ ಡ್ರಮ್ ಬೇಡವೇ ಬೇಡ. ತುಂಬಿದ ಡ್ರಮ್ಮೊಂದು 200 ಕಿಲೋ ದಾಟುತ್ತದೆ, ಎರಡು ಸೇರಿದರೆ 400ಕ್ಕೂ ಮೇಲೆ. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಆಸುಪಾಸಿನ ಹೊರೆಗೆ ಲೆಕ್ಕ ಹಾಕಿರುತ್ತಾರೆ. ಡ್ರಮ್ಮಿನ ತಳ ಒಂದು ಚದರ ಮೀಟರಿನ ಮೂರನೇ ಒಂದು ಭಾಗವೂ ಇರುವುದಿಲ್ಲ. ಬಾಲ್ಕನಿಯ ಹೊರತುದಿಯಂತೂ ಕೆಳಗೆ ಆಧಾರವಿಲ್ಲದೆ ಚಾಚಿಕೊಂಡ ಸ್ಲ್ಯಾಬ್. ಜೊತೆಗೆ ಅಲ್ಲಿ ಬಿಸಿಲು ಬೀಳುತ್ತದೆ, ಬೆಳಕು ಒಳಹೋಗುವ ಪ್ಲಾಸ್ಟಿಕ್ಕಾದರೆ ಕೆಲವೇ ವಾರಗಳಲ್ಲಿ ಪಾಚಿ ಕಟ್ಟುತ್ತದೆ.

ಕುಡಿಯುವ ನೀರಿಗೆ 20 ಲೀಟರಿನ ಕ್ಯಾನ್ 12 ತನ್ನಿ. 240 ಲೀಟರ್ ಆಯಿತು. ಒಂದೊಂದನ್ನೂ ಒಬ್ಬರೇ ಎತ್ತಬಹುದು, ಹೊರೆಯನ್ನು ಬೇರೆ ಬೇರೆ ಕೋಣೆಗಳ ಗೋಡೆ ಬದಿಗೆ ಹಂಚಬಹುದು. ಇದಕ್ಕಿಂತ ಮುಖ್ಯವಾದದ್ದು, ಒಂದು ಕ್ಯಾನ್ ಸೋರಿದರೂ ಕೆಟ್ಟರೂ ಹೋಗುವುದು 20 ಲೀಟರ್ ಮಾತ್ರ. ಡ್ರಮ್ಮಿಗೆ ಒಂದು ಕೊಳೆ ಲೋಟ ಅದ್ದಿದರೆ ಇನ್ನೂರು ಲೀಟರೂ ಅನುಮಾನಕ್ಕೆ ಬೀಳುತ್ತದೆ. ಕ್ಯಾನಿನ ತಳ ನೋಡಿ: ತ್ರಿಕೋನದೊಳಗೆ 2 ಇದ್ದರೆ ಎಚ್‌ಡಿಪಿಇ, 1 ಇದ್ದರೆ ಪೆಟ್, ಇವು ಪ್ಲಾಸ್ಟಿಕ್ಕಿನ ಬಗೆಗಳು. ಎರಡೂ ಆಗುತ್ತದೆ, ಆದರೆ ಆಹಾರಕ್ಕೆಂದೇ ಮಾಡಿದ್ದಾಗಿರಬೇಕು. ರಾಸಾಯನಿಕ ತುಂಬಿದ್ದ ಹಳೆಯ ಕ್ಯಾನ್ ಎಷ್ಟು ತೊಳೆದರೂ ಬೇಡ. ಹಾಲು ಅಥವಾ ಹಣ್ಣಿನ ರಸ ತುಂಬಿದ್ದ ಬಾಟಲಿಯೂ ಬೇಡ. ಅದರ ಜಿಡ್ಡು ಪೂರ್ತಿ ಹೋಗುವುದಿಲ್ಲ, ಅಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಕ್ಯಾನನ್ನು ಸೋಪಿನಲ್ಲಿ ತೊಳೆದು, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ವಾಸನೆ ಬೆರೆಸದ ದ್ರವ ಬ್ಲೀಚ್ ಹಾಕಿ, ಆ ನೀರು ಒಳಗಿನ ಎಲ್ಲ ಕಡೆಗೂ ತಾಗುವಂತೆ ಕುಲುಕಿ, ಕನಿಷ್ಠ ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಮುಚ್ಚಳಕ್ಕೂ ಇದೇ ಉಪಚಾರ. ಆಮೇಲೆ ಚೊಕ್ಕ ನೀರಿನಲ್ಲಿ ಜಾಲಾಡಿ.

ಈಗ ಕ್ಲೋರಿನ್ ಪ್ರಮಾಣ. ನಲ್ಲಿಯಲ್ಲಿ ಬರುವ ನೀರಿಗೆ ಆಗಲೇ ಕ್ಲೋರಿನ್ ಹಾಕಿದ್ದರೆ ಹಾಗೇ ತುಂಬಿ, ಮತ್ತೆ ಸೇರಿಸಬೇಕಿಲ್ಲ. ಹಾಕಿರದಿದ್ದರೆ 5ರಿಂದ 6 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ಲೀಟರಿಗೆ 2 ಹನಿ, ಅಂದರೆ 20 ಲೀಟರಿನ ಕ್ಯಾನಿಗೆ 40 ಹನಿ ಅಥವಾ 2 ಎಂಎಲ್. ಹನಿ ಎಣಿಸುತ್ತಾ ಕೂರುವ ಬದಲು ಸೂಜಿ ತೆಗೆದ ಸಿರಿಂಜಿನಲ್ಲಿ 2 ಎಂಎಲ್ ಎಳೆದು ಹಾಕುವುದು ನಿಖರ. 8.25 ಶೇಕಡಾದ ಬ್ಲೀಚ್ ಆದರೆ ಕ್ಯಾನಿಗೆ ಒಂದೂವರೆ ಎಂಎಲ್ ಸಾಕು. ಕಲಕಿ 30 ನಿಮಿಷ ಬಿಡಿ. ಆಮೇಲೆ ಮೂಸಿದಾಗ ಕ್ಲೋರಿನ್ನಿನ ತೆಳು ವಾಸನೆ ಬರಬೇಕು. ಬರದಿದ್ದರೆ ಇನ್ನೊಮ್ಮೆ ಅಷ್ಟೇ ಹಾಕಿ 15 ನಿಮಿಷ ಕಾಯಿರಿ. ಆಗಲೂ ಬರದಿದ್ದರೆ ಆ ನೀರನ್ನು ಕುಡಿಯಬೇಡಿ. ಒಂದೋ ನೀರಿನಲ್ಲಿ ಕೊಳೆ ಅತಿಯಾಗಿ ಇದ್ದು ಕ್ಲೋರಿನ್ನನ್ನೆಲ್ಲ ನುಂಗಿದೆ, ಇಲ್ಲವೇ ನಿಮ್ಮ ಬ್ಲೀಚ್ ಸತ್ತಿದೆ. ಬ್ಲೀಚ್ ಬಾಟಲಿಯಲ್ಲೇ ಶಕ್ತಿ ಕಳೆದುಕೊಳ್ಳುವ ವಸ್ತು, ಸೆಕೆಯಲ್ಲಿ ಇನ್ನೂ ಬೇಗ. ತಯಾರಾದ ದಿನದಿಂದ ಒಂದು ವರ್ಷ ದಾಟಿದ್ದನ್ನು ನೆಲ ಒರೆಸಲು ಬಳಸಿ.

ನೀರು ಮಬ್ಬಾಗಿದ್ದರೆ ಮೊದಲು ತಿಳಿಯಾಗಲು ಬಿಡಿ, ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಎರಡರಷ್ಟು ಪ್ರಮಾಣ ಹಾಕಿ. ಸೋಸದೆ ಕ್ಲೋರಿನ್ ಹಾಕಿದರೆ ಕೆಸರಿನ ಕಣಗಳೊಳಗೆ ಅಡಗಿದ ಸೂಕ್ಷ್ಮಜೀವಿಗೆ ಏನೂ ಆಗುವುದಿಲ್ಲ.

ಕುದಿಸುವುದಾದರೆ ದೊಡ್ಡ ಗುಳ್ಳೆಯೆದ್ದು ಉಕ್ಕಿದ ಮೇಲೆ ಒಂದು ನಿಮಿಷ ಸಾಕು. ಸಮುದ್ರ ಮಟ್ಟಕ್ಕಿಂತ 2,000 ಮೀಟರ್ ಎತ್ತರ ಮೀರಿದ ಜಾಗದಲ್ಲಿ ಮೂರು ನಿಮಿಷ. ಹತ್ತು, ಇಪ್ಪತ್ತು ನಿಮಿಷ ಕುದಿಸುವುದು ಬರೀ ಇಂಧನ ದಂಡ. ಕ್ಲೋರಿನ್‌ಗೆ ಜಗ್ಗದ, ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಕೂಡ ಕುದಿತಕ್ಕೆ ಸಾಯುತ್ತದೆ, ಆದ್ದರಿಂದ ಹೊರಗಿನ ಕೆರೆ, ಹೊಳೆಯ ನೀರಿಗೆ ಕುದಿಸುವುದೇ ಮೇಲು. ಆದರೆ ಕೀಟನಾಶಕ, ಡೀಸೆಲ್, ಉಪ್ಪು, ಭಾರಲೋಹ ಇವು ಕುದಿಸಿದರೂ ಹೋಗುವುದಿಲ್ಲ, ಕ್ಲೋರಿನ್ ಹಾಕಿದರೂ ಹೋಗುವುದಿಲ್ಲ. ಎಣ್ಣೆಯ ಪದರ ತೇಲುತ್ತಿರುವ ಪ್ರವಾಹದ ನೀರನ್ನು ಕುಡಿಯಲು ಲೆಕ್ಕಕ್ಕೇ ಹಿಡಿಯಬೇಡಿ.

ಮನೆಯ ಆರ್‌ಒ ಯಂತ್ರವನ್ನೂ ಲೆಕ್ಕದಿಂದ ಬಿಡಿ. ಅದಕ್ಕೆ ಕರೆಂಟು ಬೇಕು, ಒತ್ತಡ ಬೇಕು, ಮೇಲಾಗಿ ಒಂದು ಲೀಟರ್ ಕೊಡಲು ಅದಕ್ಕಿಂತ ಹೆಚ್ಚು ನೀರು ಚೆಲ್ಲುತ್ತದೆ.

ಕ್ಯಾನುಗಳ ಮೇಲೆ ತುಂಬಿದ ತಾರೀಖು ಬರೆದು ಆರು ತಿಂಗಳಿಗೊಮ್ಮೆ ಬದಲಿಸಿ. ಎಲ್ಲವನ್ನೂ ಒಂದೇ ದಿನ ಬದಲಿಸುವ ಬದಲು ತಿಂಗಳಿಗೆ ಎರಡು ಕ್ಯಾನ್ ಅಂತ ಇಟ್ಟುಕೊಂಡರೆ ಚಕ್ರ ತಾನೇ ತಿರುಗುತ್ತದೆ.

---

ಮಿಂಚುಹುಳ:

ನೀರುಗಂಟಿ ಅವರು ಹೇಳಿದ ಮೇಲೆ ನೀರಿನ ಬಗ್ಗೆ ನಾನು ಸೇರಿಸೋಕೆ ಏನೂ ಇಲ್ಲ. ಕರೆಂಟಿನ ಲೆಕ್ಕ ನೋಡೋಣ.

12 ವೋಲ್ಟ್ ಗುಣಿಸು 150 ಎಎಚ್ ಅಂದ್ರೆ 1,800 ವ್ಯಾಟ್ ಅವರ್ (ಒಂದು ವ್ಯಾಟಿನ ಲೋಡು ಒಂದು ಗಂಟೆ ಓಡಿದರೆ ಒಂದು ವ್ಯಾಟ್ ಅವರ್; ಮುಂದಿನ ಲೆಕ್ಕವೆಲ್ಲ ಇದರಲ್ಲೇ). ಲೆಡ್ ಆಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಷ್ಯ ಕಡಿಮೆ, ಆದ್ದರಿಂದ ಕೈಗೆ ಸಿಗೋದು 900. ಇನ್ವರ್ಟರ್ ದಕ್ಷತೆ 85 ಶೇಕಡಾ ಹಿಡಿದ್ರೆ ಪ್ಲಗ್ಗಿನಲ್ಲಿ ಸಿಗೋದು 765.

ನಿಮ್ಮ ಬಳಕೆ: 9 ವ್ಯಾಟಿನ ಮೂರು ದೀಪ 5 ಗಂಟೆ, 135. ಸಾದಾ ಸೀಲಿಂಗ್ ಫ್ಯಾನ್ 75 ವ್ಯಾಟ್, ಎರಡು ಫ್ಯಾನ್ 8 ಗಂಟೆ, 1,200. ರೂಟರ್ 10 ವ್ಯಾಟ್ ದಿನಪೂರ್ತಿ, 240. ಫೋನ್ ಒಂದಕ್ಕೆ ನಷ್ಟ ಸೇರಿ 25, ನಾಲ್ಕಕ್ಕೆ 100. ಒಟ್ಟು 1,675. ಅಂದ್ರೆ ಈ ಬ್ಯಾಟರಿ ಅರ್ಧ ದಿನ ಬಂದ್ರೆ ಹೆಚ್ಚು. ಇದರಲ್ಲಿ ಮುಕ್ಕಾಲು ಪಾಲು ತಿನ್ನೋದು ಫ್ಯಾನೇ.

ಇನ್ನೊಂದು ಕಳ್ಳ ಇದ್ದಾನೆ, ಅವನನ್ನ ಬಹಳ ಜನ ಲೆಕ್ಕಕ್ಕೇ ತಗೊಳ್ಳಲ್ಲ. ಇನ್ವರ್ಟರ್ ಆನ್ ಆಗಿದ್ದು ಯಾವ ಲೋಡೂ ಇಲ್ಲದಿದ್ದರೂ ತನ್ನ ಪಾಲಿಗೆ 10ರಿಂದ 20 ವ್ಯಾಟ್ ಎಳೀತಾನೇ ಇರುತ್ತೆ. 15 ಅಂತ ಹಿಡಿದ್ರೂ 24 ಗಂಟೆಗೆ 360. ಬಳಸಬಹುದಾದ 900ರಲ್ಲಿ 40 ಶೇಕಡಾ ಹೀಗೇ ಸೋರಿಹೋಗುತ್ತೆ. ಹಾಗಾಗಿ ದೀರ್ಘ ಕಡಿತದಲ್ಲಿ ಇನ್ವರ್ಟರನ್ನ ಬೇಕಾದಾಗ ಮಾತ್ರ ಆನ್ ಮಾಡಿ, ಸಣ್ಣ ಲೋಡುಗಳನ್ನೆಲ್ಲ ಬ್ಯಾಟರಿಯಿಂದ ನೇರ ಡಿಸಿಯಲ್ಲಿ, ಅಂದ್ರೆ ಇನ್ವರ್ಟರ್ ನಡುವೆ ಇಲ್ಲದೆ ಓಡಿಸಿ.

14 ದಿನದ ಪ್ರಶ್ನೆಯಲ್ಲಿ ಬ್ಯಾಟರಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ದಿನಾ ಎಷ್ಟು ವಾಪಸ್ ತುಂಬುತ್ತೆ ಅನ್ನೋದೇ ಮುಖ್ಯ. 100 ವ್ಯಾಟ್ ಪ್ಯಾನೆಲ್, ಒಳ್ಳೆ ಬಿಸಿಲಿನ ನಾಲ್ಕೂವರೆ ಗಂಟೆ, ತಾಪ, ಧೂಳು, ತಂತಿ ಎಲ್ಲ ಸೇರಿ 30 ಶೇಕಡಾ ನಷ್ಟ: ದಿನಕ್ಕೆ 315 ವ್ಯಾಟ್ ಅವರ್. ನಿಮ್ಮ ದಿನದ ಬಜೆಟ್ ಇಷ್ಟೇ. ಇದರೊಳಗೆ ಬದುಕೋದು ಸಾಧ್ಯ. 5 ವ್ಯಾಟಿನ 12 ವೋಲ್ಟ್ ಎಲ್‌ಇಡಿ ಮೂರು, 5 ಗಂಟೆ, 75. ಫೋನ್ 100. ರೂಟರ್ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, 40. 5 ವ್ಯಾಟಿನ ಯುಎಸ್‌ಬಿ ಫ್ಯಾನ್ ಎರಡು, ರಾತ್ರಿ 8 ಗಂಟೆ, 80. ಒಟ್ಟು 295. ಮೂರು ದಿನ ಮೋಡ ಕವಿದು ಪ್ಯಾನೆಲ್ ಏನೂ ಕೊಡದಿದ್ದರೂ ಬ್ಯಾಟರಿಯ 900 ಅದನ್ನ ದಾಟಿಸುತ್ತೆ.

ಆದರೂ 100 ವ್ಯಾಟ್ ಸಾಲದು ಅಂತಲೇ ನನ್ನ ಅಭಿಪ್ರಾಯ, ಕನಿಷ್ಠ 200 ಹಾಕಿ. ಕಾರಣ ಇಷ್ಟು: ಆ ಪ್ಯಾನೆಲ್ ಕೊಡೋದು 5-6 ಆಂಪ್, 150 ಎಎಚ್ ಬ್ಯಾಟರಿ ಸರಿಯಾಗಿ ತುಂಬೋಕೆ 15 ಆಂಪ್ ಆಸುಪಾಸು ಬೇಕು. ಅರ್ಧ ಖಾಲಿಯಾಗಿ ದಿನಗಟ್ಟಲೆ ಹಾಗೇ ಉಳಿದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೇ ಸಾಮರ್ಥ್ಯ ಬರಲ್ಲ. ಬಾಲ್ಕನಿಯಲ್ಲಿ ನೇರ ಬಿಸಿಲು ಬೀಳೋದು ಅರ್ಧ ದಿನ ಮಾತ್ರ, ಹಾಗಾಗಿ ನಾಲ್ಕೂವರೆ ಗಂಟೆಯ ಲೆಕ್ಕವೂ ಅಲ್ಲಿ ಎರಡಕ್ಕೆ ಇಳಿಯಬಹುದು. ಗ್ರಿಲ್ಲಿನ ಒಂದು ಸರಳಿನ ನೆರಳು ಅಡ್ಡ ಬಿದ್ದರೂ ಪ್ಯಾನೆಲ್ಲಿನ ಉತ್ಪಾದನೆ ಆ ನೆರಳಿನ ಅಗಲಕ್ಕಿಂತ ಎಷ್ಟೋ ಪಟ್ಟು ಕುಸಿಯುತ್ತೆ, ಯಾಕಂದ್ರೆ ಸೆಲ್‌ಗಳು ಸರಣಿಯಲ್ಲಿರುತ್ತವೆ, ನೆರಳಾದ ಸೆಲ್ ಉಳಿದವುಗಳ ಹರಿವನ್ನೂ ತಡೆಯುತ್ತೆ. ಚಾವಣಿಗೆ ಒಯ್ಯೋಕೆ ಅನುಮತಿ ಇದ್ದರೆ ಅಲ್ಲೇ ಇಡಿ.

ಜೋಡಣೆಯಲ್ಲಿ ಬೆಂಕಿ ಹತ್ತೋ ಮುಖ್ಯ ಜಾಗ: ಫ್ಯೂಸ್ ಇಲ್ಲದ ಬ್ಯಾಟರಿ ತಂತಿ. 900 ವಿಎ ಇನ್ವರ್ಟರ್ ಪೂರ್ಣ ಲೋಡಿನಲ್ಲಿ 70 ಆಂಪ್ ಎಳೆಯುತ್ತೆ. 25 ಚದರ ಮಿಮೀ ತಾಮ್ರದ ಕೇಬಲ್, 100 ಆಂಪ್ ಫ್ಯೂಸ್, ಅದೂ ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಂದ ಒಂದು ಗೇಣಿನೊಳಗೆ. ಫ್ಯೂಸ್ ಇನ್ವರ್ಟರ್ ಹತ್ತಿರ ಹಾಕಿದ್ರೆ ನಡುವಿನ ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಅದು ಕಾಪಾಡಲ್ಲ. ಡಿಸಿ ಲೈನಿಗೆ ಬೇರೆ 10 ಆಂಪ್ ಫ್ಯೂಸ್, 2.5 ಚದರ ಮಿಮೀ ತಂತಿ. ಪ್ಯಾನೆಲ್ಲಿಂದ ಬ್ಯಾಟರಿಗೆ ಹೋಗೋ ಕರೆಂಟನ್ನ ಹತೋಟಿಯಲ್ಲಿಡೋ ಚಾರ್ಜ್ ಕಂಟ್ರೋಲರಿಗೆ ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ.

ರೂಟರನ್ನ ನೇರ ಬ್ಯಾಟರಿಗೆ ಕೊಡಬೇಡಿ. ಚಾರ್ಜ್ ಆಗ್ತಿರುವಾಗ ಬ್ಯಾಟರಿ ವೋಲ್ಟೇಜ್ 14.4ರ ತನಕ ಏರುತ್ತೆ, ಕೆಲವು ರೂಟರ್ ತಡ್ಕೊಳ್ಳಲ್ಲ. ನಡುವೆ 12 ವೋಲ್ಟ್ ಔಟ್‌ಪುಟ್‌ನ ಬಕ್-ಬೂಸ್ಟ್ ಕನ್ವರ್ಟರ್ ಹಾಕಿ, ಬ್ಯಾಟರಿ ವೋಲ್ಟೇಜ್ ಏರಿದರೂ ಇಳಿದರೂ ಅದು 12 ವೋಲ್ಟನ್ನೇ ಕೊಡುತ್ತೆ. ಬ್ಯಾಟರಿ ಎಷ್ಟಿದೆ ಅಂತ ಮಲ್ಟಿಮೀಟರಿನಲ್ಲಿ ನೋಡುವಾಗ ಲೋಡು, ಚಾರ್ಜು ಎರಡನ್ನೂ ತೆಗೆದು ಎರಡು ಗಂಟೆ ಬಿಟ್ಟು ನೋಡಿ: 12.7 ಪೂರ್ತಿ, 12.2 ಹೆಚ್ಚುಕಮ್ಮಿ ಅರ್ಧ. ಲೋಡಿನಲ್ಲಿದ್ದಾಗಿನ ಅಂಕಿ ನಂಬಿಕೆಗೆ ಅರ್ಹ ಅಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಗಾಳಿಯಾಡುವ ಜಾಗ ಇರಲಿ, ಹತ್ತಿರ ಯಾವ ಬೆಂಕಿಯೂ ಬೇಡ.

ನಿಮ್ಮ ಪವರ್ ಬ್ಯಾಂಕ್ ಬಗ್ಗೆ: 20,000 ಎಂಎಎಚ್ ಅನ್ನೋದು ಒಳಗಿನ 3.7 ವೋಲ್ಟಿನ ಸೆಲ್ ಲೆಕ್ಕ, ಅಂದ್ರೆ 74 ವ್ಯಾಟ್ ಅವರ್. ಪರಿವರ್ತನೆ ನಷ್ಟ ಕಳೆದು 50 ಸಿಕ್ಕರೆ ಒಳ್ಳೇದು. 5,000 ಎಂಎಎಚ್ ಫೋನು ಎರಡೂವರೆ ಸಲ ತುಂಬುತ್ತೆ, ನಾಲ್ಕು ಸಲ ಅಲ್ಲ.

---

ನೀರುಗಂಟಿ:

ಜನರೇಟರ್ ಬಗ್ಗೆ ಯಾರೂ ಹೇಳಲಿಲ್ಲ, ಆದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ, ಜೀವ ತೆಗೆಯಬಲ್ಲ ವಸ್ತು ಅದೇ. ಬಾಲ್ಕನಿಯಲ್ಲಿ ಪೆಟ್ರೋಲ್ ಜನರೇಟರ್ ಖಂಡಿತ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯಿಂದ ಕನಿಷ್ಠ 6 ಮೀಟರ್ ದೂರ, ಹೊಗೆನಳಿಗೆ ಕಿಟಕಿ ಬಾಗಿಲಿನಿಂದ ಆಚೆ ಮುಖ ಮಾಡಿರಬೇಕು ಅನ್ನುವುದು ನಿಯಮ. ಮೂರನೇ ಮಹಡಿಯ ಬಾಲ್ಕನಿ ಇದರ ಹತ್ತಿರಕ್ಕೂ ಬರುವುದಿಲ್ಲ, ನಿಮ್ಮ ಮನೆಗಷ್ಟೇ ಅಲ್ಲ, ಮೇಲಿನ ಮನೆಯ ಕಿಟಕಿಗೂ ಹೋಗುತ್ತದೆ. ಕಿಟಕಿ ತೆರೆದಿಟ್ಟರೆ ಸಾಕು ಅನ್ನುವ ನಂಬಿಕೆ ಅಪಾಯಕಾರಿ. ಇದ್ದಿಲ ಒಲೆಯನ್ನು ಕೋಣೆಯೊಳಗೆ ಹಚ್ಚುವುದೂ ಇಷ್ಟೇ ಕೆಟ್ಟದ್ದು. ಒಂದೇ ಮನೆಯಲ್ಲಿ ಹಲವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಜ್ವರ ಮಾತ್ರ ಇಲ್ಲ ಅಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಕಾರಣ ಆಮೇಲೆ ಹುಡುಕಿ.

ಪೆಟ್ರೋಲ್ ಕೂಡ ಮನೆಯೊಳಗೆ ಇಡುವ ವಸ್ತುವಲ್ಲ, ಸಾಲದ್ದಕ್ಕೆ ಅದು ಕೆಲವು ತಿಂಗಳಲ್ಲಿ ಹಳಸುತ್ತದೆ. ಆ ಹಣವನ್ನು ಎರಡನೇ ಪ್ಯಾನೆಲ್ಲಿಗೆ ಹಾಕಿ. ಮೇಣದಬತ್ತಿಯನ್ನೂ ಪಟ್ಟಿಯಿಂದ ತೆಗೆದು ತಲೆಗೆ ಕಟ್ಟುವ ಎಲ್‌ಇಡಿ ದೀಪ ತನ್ನಿ, ಎರಡೂ ಕೈ ಖಾಲಿ ಇರುತ್ತದೆ. ಬಳಸದಿರುವಾಗ ಸೆಲ್ ಹೊರಗೆ ತೆಗೆದಿಡಿ, ಆಲ್ಕಲೈನ್ ಸೆಲ್ ಸೋರಿದರೆ ಸಂಪರ್ಕ ಬಿಂದುಗಳನ್ನೇ ತಿಂದುಹಾಕುತ್ತದೆ.

---

ಕಣಜ:

ಆಹಾರಕ್ಕೆ ಪಟ್ಟಿಯಲ್ಲಿ ಬರೀ ಎರಡು ಪದ ಇದೆ. ಅದನ್ನು ತೂಕಕ್ಕೆ ಇಳಿಸೋಣ. ವಯಸ್ಕರೊಬ್ಬರಿಗೆ ದಿನಕ್ಕೆ 2,000 ಕಿಲೋಕ್ಯಾಲರಿ ಗುರಿ ಇಟ್ಟರೆ ಧಾನ್ಯ 400 ಗ್ರಾಂ, ಬೇಳೆಕಾಳು 100 ಗ್ರಾಂ, ಎಣ್ಣೆ 30 ಗ್ರಾಂ ಸೇರಿದರೆ ಆ ಮಟ್ಟ ಮುಟ್ಟುತ್ತದೆ. ನಾಲ್ವರಿಗೆ 14 ದಿನಕ್ಕೆ ಧಾನ್ಯ 22.4 ಕಿಲೋ, ಬೇಳೆಕಾಳು 5.6 ಕಿಲೋ, ಎಣ್ಣೆ 1.7 ಕಿಲೋ. ಉಪ್ಪು, ಸಕ್ಕರೆ, ಮಸಾಲೆ, ಹಾಲಿನ ಪುಡಿ ಬೇರೆ. ದಿನವೂ ತಿನ್ನದ ಯಾವುದನ್ನೂ ಸಂಗ್ರಹಕ್ಕೆಂದು ತರಬೇಡಿ. ಮಾಮೂಲಿ ದಿನಸಿಯನ್ನೇ ಎರಡು ವಾರ ಮುಂದಿರುವಂತೆ ಇಟ್ಟುಕೊಂಡು, ಹಳೆಯದನ್ನು ಮೊದಲು ಬಳಸಿ ಹೊಸದನ್ನು ಹಿಂದಕ್ಕೆ ಇಟ್ಟರೆ ಅಷ್ಟೇ ಸಾಕು.

ಕೆಡುವುದು ಮೂರು ಕಾರಣಕ್ಕೆ: ಹುಳ, ತೇವ, ಎಣ್ಣೆಯ ಕಮಟು. ಧಾನ್ಯ ಮನೆಗೆ ಬರುವಾಗಲೇ ಹುಳದ ಮೊಟ್ಟೆ ಅದರೊಳಗೆ ಇರುತ್ತದೆ, ಡಬ್ಬಿ ಎಷ್ಟು ಬಿಗಿಯಾಗಿದ್ದರೂ ಒಳಗೇ ಹುಟ್ಟುತ್ತದೆ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಇಲ್ಲಿ ಒಂದು ಎಚ್ಚರ: ಹೊರತೆಗೆದ ಚೀಲವನ್ನು ತಕ್ಷಣ ಬಿಚ್ಚಬೇಡಿ. ಕೋಣೆಯ ಉಷ್ಣತೆಗೆ ಬರುವ ತನಕ, ಅಂದರೆ ಒಂದು ರಾತ್ರಿ, ಮುಚ್ಚಿದ ಹಾಗೇ ಬಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಕಾಳಿನ ಮೇಲೆ ಹನಿಗಟ್ಟಿ, ಬೂಸ್ಟು ಹಿಡಿದು, ಹುಳಕ್ಕಿಂತ ದೊಡ್ಡ ನಷ್ಟ ಆಗುತ್ತದೆ.

ಆಕ್ಸಿಜನ್ ಹೀರುವ ಪೊಟ್ಟಣ ಬಳಸುವುದಾದರೆ ಚೆನ್ನಾಗಿ ಒಣಗಿದ ಧಾನ್ಯಕ್ಕೆ ಮಾತ್ರ. ತೇವಾಂಶ 10 ಶೇಕಡಾ ಮೀರಿದ ಪದಾರ್ಥವನ್ನು ಆಮ್ಲಜನಕವಿಲ್ಲದೆ ಮುಚ್ಚಿಟ್ಟರೆ ಬಾಟ್ಯುಲಿಸಂ ವಿಷ ಹುಟ್ಟುವ ಸಾಧ್ಯತೆ ಇದೆ. ಸಕ್ಕರೆ, ಉಪ್ಪಿಗೆ ಅದು ಬೇಕಿಲ್ಲ, ಹಾಕಿದರೆ ಕಲ್ಲಾಗುತ್ತದೆ. ಹಿಟ್ಟನ್ನು ಹೆಚ್ಚು ಸಂಗ್ರಹಿಸಬೇಡಿ, ಇಡೀ ಕಾಳಿನ ಹಿಟ್ಟಿನ ಎಣ್ಣೆಯಂಶ ಕೆಲವೇ ತಿಂಗಳಲ್ಲಿ ಕಮಟುತ್ತದೆ. ಎಣ್ಣೆ ದೊಡ್ಡ ಡಬ್ಬಿಯಲ್ಲಿ ಬೇಡ. ಅರ್ಧ ಲೀಟರಿನ ಸಣ್ಣ ಬಾಟಲಿ, ಕತ್ತಲ ಜಾಗ.

ಒಲೆಯ ಇಂಧನವನ್ನೂ ಅಳೆಯಬೇಕು. ಸಿಲಿಂಡರನ್ನು ತೂಕ ಮಾಡಿ, ಒಂದು ವಾರ ಎಂದಿನಂತೆ ಅಡುಗೆ ಮಾಡಿ, ಮತ್ತೆ ತೂಗಿ. ವ್ಯತ್ಯಾಸದ ಎರಡರಷ್ಟು 14 ದಿನಕ್ಕೆ ಬೇಕು, ಕುಡಿಯುವ ನೀರನ್ನೂ ಕುದಿಸುವುದಾದರೆ ಇನ್ನಷ್ಟು. ಉಳಿಸುವ ದಾರಿ: ಕಾಳನ್ನು 8 ಗಂಟೆ ನೆನೆಸಿ, ಕುಕ್ಕರ್ ಬಳಸಿ. ಅಥವಾ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟರೆ ಒಳಗಿನ ಬಿಸಿಯಲ್ಲೇ ಬೇಯುತ್ತದೆ. ತೆಗೆದಾಗ 60 ಡಿಗ್ರಿಗಿಂತ ತಣಿದಿದ್ದರೆ ಮತ್ತೆ ಕುದಿ ಬರಿಸಿ ತಿನ್ನಿ. ರಾಜ್ಮಾ ಮಾತ್ರ ಮೊದಲ ಹತ್ತು ನಿಮಿಷ ಪೂರ್ಣ ಕುದಿತದಲ್ಲಿ ಇರಲೇಬೇಕು. ಅರೆಬಿಸಿಯಲ್ಲಿ ಬೆಂದ ರಾಜ್ಮಾದಲ್ಲಿ ವಾಂತಿ ತರಿಸುವ ವಿಷ ಹಾಗೇ ಉಳಿಯುತ್ತದೆ.

ಕರೆಂಟ್ ಹೋದ ಕ್ಷಣದಿಂದ ಫ್ರಿಜ್ ಬಾಗಿಲು ತೆರೆಯದಿದ್ದರೆ 4 ಗಂಟೆ ತಂಪು ಇರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24. ಮೊದಲು ಫ್ರಿಜ್ಜಿನದ್ದು, ಆಮೇಲೆ ಫ್ರೀಜರಿನದ್ದು, ಕೊನೆಗೆ ಒಣ ದಿನಸಿ, ಈ ಕ್ರಮದಲ್ಲಿ ಖರ್ಚು ಮಾಡಿ. ಫ್ರೀಜರಿನ ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟರೆ ತಂಪೂ ಹೆಚ್ಚು ಹೊತ್ತು ಉಳಿಯುತ್ತದೆ, ಕರಗಿದ ಮೇಲೆ ಕುಡಿಯಲೂ ಆಗುತ್ತದೆ. ಪೂರ್ತಿ ತುಂಬಬೇಡಿ, ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ.

---

ಮೂರನೇಮಹಡಿ:

ಎಲ್ಲರಿಗೂ ಧನ್ಯವಾದ. ಜನರೇಟರ್, ಮೇಣದಬತ್ತಿ ಎರಡನ್ನೂ ತೆಗೆದೆ. ಡ್ರಮ್ ಒಂದೇ ಇರಲಿ, ಬಳಕೆಯ ನೀರಿಗೆ, ಬಚ್ಚಲಿನ ಗೋಡೆ ಬದಿಗೆ. ಆದರೆ ಶೌಚಾಲಯದ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಒಂದು ಸಲಕ್ಕೆ 6 ಲೀಟರ್, ನಾಲ್ಕು ಜನ, ದಿನಕ್ಕೆ ಮೂರು ಸಲ ಅಂದರೆ 72 ಲೀಟರ್. ಡ್ರಮ್ ಮೂರನೇ ದಿನಕ್ಕೆ ಖಾಲಿ. ಇದಕ್ಕೇನು ದಾರಿ?

---

ಸುಣ್ಣಬೂದಿ:

ಸರಿಯಾದ ಪ್ರಶ್ನೆ ಕೇಳಿದ್ದೀರಿ. ದೀರ್ಘ ಕಡಿತದಲ್ಲಿ ಮನೆ ಬಿಡುವ ಹಾಗೆ ಮಾಡುವುದು ಬಹಳ ಸಲ ಇದೇ.

ಚರಂಡಿ ಕೆಲಸ ಮಾಡುತ್ತಿದ್ದರೆ, ಮೂತ್ರಕ್ಕೆ ಪ್ರತಿ ಸಲ ನೀರು ಹಾಕಬೇಡಿ, ಮಲಕ್ಕೆ ಮಾತ್ರ ಬಕೆಟ್ಟಿನಿಂದ ಒಂದೇ ರಭಸಕ್ಕೆ ಸುರಿಯಿರಿ. ಕೈ, ಪಾತ್ರೆ, ತರಕಾರಿ ತೊಳೆದ ನೀರನ್ನೇ ಇದಕ್ಕೆ ಬಳಸಿ. ದಿನಕ್ಕೆ 20ರಿಂದ 25 ಲೀಟರಿಗೆ ಇಳಿಯುತ್ತದೆ.

ಚರಂಡಿಯೂ ಕಟ್ಟಿದ್ದರೆ ಅಥವಾ ನೀರು ಪೂರ್ತಿ ಇಲ್ಲದಿದ್ದರೆ ಎರಡು ಬಕೆಟ್ ಪದ್ಧತಿ. ಬಿಗಿ ಮುಚ್ಚಳದ 15-20 ಲೀಟರಿನ ಎರಡು ಬಕೆಟ್, ಒಂದು ಮೂತ್ರಕ್ಕೆ, ಇನ್ನೊಂದು ಮಲಕ್ಕೆ. ಎರಡನ್ನೂ ಬೆರೆಸಬಾರದು ಅನ್ನುವುದೇ ಇಲ್ಲಿ ಜೀವಾಳ. ಮಲದ ಬ್ಯಾಕ್ಟೀರಿಯಾದಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಮೂತ್ರದ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ, ಸಹಿಸಲಾಗದ ವಾಸನೆ ಬರುವುದು ಆಗಲೇ. ಬೇರೆಯಿಟ್ಟರೆ ಮಲದ ಬಕೆಟ್ ಒಣಗಿದಂತೆ ಇರುತ್ತದೆ. ಅದಕ್ಕೆ ದಪ್ಪ ಚೀಲ ಎರಡು ಪದರ ಹಾಕಿ, ಪ್ರತಿ ಸಲವೂ ಒಂದು ದೊಡ್ಡ ಲೋಟ ಮರದ ಹೊಟ್ಟು, ಒಣ ಮಣ್ಣು ಅಥವಾ ತಣಿದ ಬೂದಿಯಿಂದ ಪೂರ್ತಿ ಮುಚ್ಚಿ. ನಾಲ್ವರಿಗೆ 14 ದಿನಕ್ಕೆ 25-30 ಲೀಟರ್ ಮುಚ್ಚುವ ಪದಾರ್ಥ ಮೊದಲೇ ಚೀಲದಲ್ಲಿ ಇಟ್ಟಿರಿ. ಅರ್ಧಕ್ಕಿಂತ ಹೆಚ್ಚು ತುಂಬುವ ಮೊದಲೇ ಚೀಲ ಕಟ್ಟಿ, ಎತ್ತುವಾಗ ಹರಿಯುವುದು ತುಂಬಿ ತುಳುಕುವ ಚೀಲ.

ದಯವಿಟ್ಟು ಗಮನಿಸಿ: ಮೂತ್ರದ ಬಕೆಟ್ಟಿಗೆ ಬ್ಲೀಚ್ ಹಾಕಬೇಡಿ. ಅಮೋನಿಯಾ ಸೇರಿ ಕ್ಲೋರಮೈನ್ ಅನಿಲ ಬರುತ್ತದೆ. ಟಾಯ್ಲೆಟ್ ತೊಳೆಯುವ ಆಮ್ಲಕ್ಕೆ ಬ್ಲೀಚ್ ಸೇರಿದರೆ ನೇರ ಕ್ಲೋರಿನ್ ಅನಿಲ. ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಎರಡೂ ಪುಪ್ಪುಸವನ್ನು ಸುಡುತ್ತವೆ.

ಕೈ ತೊಳೆಯಲು ಬಾಟಲಿಯ ಮುಚ್ಚಳಕ್ಕೆ ಸಣ್ಣ ರಂಧ್ರ ಮಾಡಿ ನೇತುಹಾಕಿ, ಸೋಪು ಪಕ್ಕದಲ್ಲೇ. 200 ಎಂಎಲ್ ನೀರಿನಲ್ಲಿ ಎರಡೂ ಕೈ ಶುದ್ಧವಾಗುತ್ತದೆ. ಇಲ್ಲಿ ಜಿಪುಣತನ ಮಾಡಿದರೆ ಭೇದಿ ಬಂದು ಅದರ ಹತ್ತು ಪಟ್ಟು ನೀರು ಹೋಗುತ್ತದೆ. ಒಆರ್‌ಎಸ್ ಪೊಟ್ಟಣ ಕನಿಷ್ಠ 20 ಇರಲಿ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಮಟ್ಟ ಮಾಡಿದ ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಅಂದಾಜಿನಲ್ಲಿ ಹಾಕಬೇಡಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ದಿನವೂ ತೆಗೆದುಕೊಳ್ಳುವ ಮಾತ್ರೆಗಳು ಒಂದು ತಿಂಗಳಿನಷ್ಟು ಮುಂದೆ ಇರಲಿ. ಇನ್ಸುಲಿನ್ ಇದ್ದರೆ ಅದರ ಕರಪತ್ರದಲ್ಲಿ ಫ್ರಿಜ್ಜಿನ ಹೊರಗೆ ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ಎಂದು ಬರೆದಿರುತ್ತದೆ, ಈಗಲೇ ಓದಿ ಡಬ್ಬಿಯ ಮೇಲೆ ಬರೆದಿಡಿ.

---

ಮಿಂಚುಹುಳ:

ಖರೀದಿಯ ಕ್ರಮ ಕೇಳಿದ್ರಲ್ಲ. ಮೊದಲು ನೀರಿನ ಕ್ಯಾನ್ ಮತ್ತು ಬ್ಲೀಚ್. ಎರಡನೇದು ಬಕೆಟ್, ಚೀಲ, ಹೊಟ್ಟು, ಇದಕ್ಕೆ ಖರ್ಚೇ ಇಲ್ಲ. ಮೂರನೇದು ದಿನಸಿ, ಔಷಧಿ, ಒಂದು ಬ್ಯಾಟರಿ ರೇಡಿಯೋ, ಸಣ್ಣ ನೋಟುಗಳಲ್ಲಿ ನಗದು, ಮುಖ್ಯ ಫೋನ್ ನಂಬರುಗಳು ಕಾಗದದ ಮೇಲೆ. ಬ್ಯಾಟರಿ, ಸೋಲಾರ್ ಕೊನೆಗೆ.

ಆದರೆ ಬ್ಯಾಟರಿಗೆ ದುಡ್ಡು ಹಾಕೋ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದು ವಾರಾಂತ್ಯ 48 ಗಂಟೆ ನೀರಿನ ಮುಖ್ಯ ವಾಲ್ವ್ ಮುಚ್ಚಿ, ಫ್ರಿಜ್ಜಿನ ಬ್ರೇಕರ್ ಬಿಟ್ಟು ಉಳಿದ ಎಲ್ಲ ಬ್ರೇಕರ್ ಇಳಿಸಿ. ಮನೇಲಿ ಯಾರಾದರೂ ವೈದ್ಯಕೀಯ ಉಪಕರಣದ ಮೇಲಿದ್ದರೆ ಅದರ ಲೈನ್ ಮುಟ್ಟಬೇಡಿ. ಕ್ಯಾನಿನ ಮೇಲೆ ಗೆರೆ ಹಾಕಿ ದಿನಕ್ಕೆ ಎಷ್ಟು ಇಳೀತು ಅಂತ ಬರೆಯಿರಿ. ಕತ್ತಲಲ್ಲಿ ಯಾವ ವಸ್ತುವಿಗೆ ತಡಕಾಡಿದ್ರಿ, ಯಾರ ಫೋನ್ ಎಷ್ಟು ಗಂಟೆಗೆ ಸತ್ತಿತು, ರೂಟರ್ ನಿಜವಾಗಿ ಬೇಕಾಯ್ತಾ, ಎಲ್ಲ ಬರೆಯಿರಿ. ರೂಟರ್ ಬಗ್ಗೆ ಇನ್ನೊಂದು ಮಾತು: ನಿಮ್ಮ ಕಡೆ ಕರೆಂಟ್ ಇದ್ದರೂ ಬೀದಿಯ ಫೈಬರ್ ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ ಇಂಟರ್ನೆಟ್ ಬರಲ್ಲ, ಮೊಬೈಲ್ ಟವರಿನ ಬ್ಯಾಟರಿಯೂ ಸಾಮಾನ್ಯವಾಗಿ ಕೆಲವು ಗಂಟೆಯಷ್ಟೇ. ಮುಂದಿನ ಸಲ ಕರೆಂಟ್ ತುಂಬ ಹೊತ್ತು ಹೋದಾಗ ನಿಮ್ಮ ಲೈನ್ ಎಷ್ಟು ಹೊತ್ತು ಬದುಕಿತ್ತು ಅಂತ ನೋಡ್ಕೊಳ್ಳಿ. ಒಂದು ಗಂಟೆಯೊಳಗೆ ಸಾಯೋದಾದರೆ ರೂಟರಿನ 40 ವ್ಯಾಟ್ ಅವರ್ ಬಜೆಟ್ಟಿನಿಂದ ತೆಗೆದು ಮೂರನೇ ಯುಎಸ್‌ಬಿ ಫ್ಯಾನಿಗೆ ಕೊಡಿ.

---

ಮೂರನೇಮಹಡಿ:

ಸರಿ, ಈ ಶನಿವಾರವೇ ವಾಲ್ವ್ ಮುಚ್ಚುತ್ತೇವೆ. ನೀರಿನ ಅಂಕಿ, ಸಿಲಿಂಡರಿನ ತೂಕ, ಫೋನು-ರೂಟರಿನ ಟಿಪ್ಪಣಿ ಎಲ್ಲವನ್ನೂ ಇಲ್ಲೇ ಹಾಕುತ್ತೇನೆ. ಅದನ್ನು ನೋಡಿ ಪ್ಯಾನೆಲ್ 200 ಸಾಕೋ 300 ಬೇಕೋ ಎಂದು ಮಿಂಚುಹುಳ ಅವರು ಹೇಳಬೇಕು.

---

ಮಿಂಚುಹುಳ:

ಖಂಡಿತ. ಜೊತೆಗೆ ಪ್ಯಾನೆಲ್ ಇಡೋ ಜಾಗದಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರ ತನಕ ಗಂಟೆಗೊಂದು ಫೋಟೋ ತೆಗೆದು ಹಾಕಿ, ನೆರಳು ಯಾವಾಗ ಎಲ್ಲಿ ಬೀಳುತ್ತೆ ಅಂತ ಗೊತ್ತಾಗಬೇಕು. ಅದಿಲ್ಲದೆ 200, 300 ಅನ್ನೋ ಅಂಕಿಗೆ ಅರ್ಥ ಇಲ್ಲ.